ಗಜನಿಯ ಬಾಗಿಲು ಮುಟ್ಟದ ದಿನಗಳು

ನಮ್ಮ ಕೇರಿಯ ಬಾವಿಯ ಹಗ್ಗಕ್ಕೆ ಒಂದು ಗಂಟು ಇತ್ತು. ಆ ಗಂಟು ರಾಟೆಗೆ ಬಂದು ತಾಗಿದರೆ ಕೊಡ ಅಲ್ಲಿಗೇ ನಿಲ್ಲಬೇಕು, ಅದಕ್ಕಿಂತ ಕೆಳಗೆ ಇಳಿಯಬಾರದು. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಇದು ತಿಳಿಯಲಿಲ್ಲ. ಗಂಟು ಬಿಚ್ಚಿ ಕೊಡವನ್ನು ತಳದವರೆಗೆ ಇಳಿಸಿದ್ದೆ. ಅತ್ತೆ ಹಿತ್ತಲಿನಿಂದ ಓಡಿ ಬಂದರು.

"ಏ ಹೆಣ್ಣೇ, ಎಂತಾ ಮಾಡ್ತೆ? ಹಾಲಿನ ಕೆನೆ ತೆಗಿಯುಕೆ ಸೌಟು ತಳಕ್ಕೆ ಹಾಕ್ತ್ಯಾ?"

ನಾನು ಅಂಕೋಲೆಯ ಹಾರವಾಡದ ಕಡೆಯವಳು, ನಾಲ್ಕನೆಯ ತರಗತಿಯವರೆಗೆ ಶಾಲೆಗೆ ಹೋದವಳು. ನನ್ನ ತವರಿನಲ್ಲಿ ಸಮುದ್ರದ ಸದ್ದು ಕೇಳುವಷ್ಟು ಹತ್ತಿರದಲ್ಲೇ ಮರಳು ಕೆದಕಿದರೆ ಕುಡಿಯುವ ನೀರು ಸಿಗುತ್ತಿತ್ತು. ನೀರನ್ನು ಜೋಪಾನ ಮಾಡಬೇಕು ಎಂಬುದು ನನಗೆ ಗೊತ್ತೇ ಇರಲಿಲ್ಲ. ಗಂಡನ ಮನೆ ಕಾರವಾರದ ಆಚೆ, ಕದ್ವಾಡದ ಬಳಿ, ಕಾಳಿ ನದಿಯ ದಂಡೆಯ ಮೇಲೆ. ನದಿ ಅಲ್ಲಿ ಹೆಸರಿಗೆ ಮಾತ್ರ ನದಿ. ಮಳೆಗಾಲ ಮುಗಿದ ಮೇಲೆ ಸಮುದ್ರದ ನೀರೇ ದಿನಕ್ಕೆರಡು ಸಲ ಮೇಲಕ್ಕೆ ಏರಿ ಬರುತ್ತದೆ. ನೋಡಲು ಎಷ್ಟು ನೀರು! ಬಾಯಿಗೆ ಹಾಕಿಕೊಳ್ಳುವಂತಿಲ್ಲ.

ಬಾವಿ ಇದ್ದದ್ದು ಗಜನಿಯ ಅಂಚಿನ ಒಂದು ಮರಳು ದಿಬ್ಬದ ಮೇಲೆ. ಗಜನಿ ಎಂದರೆ ನದಿಯ ಮಟ್ಟದಲ್ಲೇ ಇರುವ ಗದ್ದೆ. ಅದರ ಸುತ್ತ ಮಣ್ಣಿನ ಒಡ್ಡು, ಒಡ್ಡಿನಲ್ಲಿ ಒಂದು ಕಡೆ ಮರದ ಬಾಗಿಲು. ಭರತದಲ್ಲಿ ಉಪ್ಪುನೀರು ಏರುವಾಗ ಬಾಗಿಲು ಮುಚ್ಚಬೇಕು, ಇಳಿತದಲ್ಲಿ ತೆರೆದು ಒಳಗೆ ಹೆಚ್ಚಾದ ಮಳೆನೀರನ್ನು ಹೊರಗೆ ಬಿಡಬೇಕು. ಹೀಗೆ ಮಳೆಗಾಲವಿಡೀ ಗಜನಿಯ ತುಂಬ ಸಿಹಿನೀರು ನಿಂತು, ಮರಳಿನೊಳಗೆ ಇಳಿದು, ಅಡಿಯ ಉಪ್ಪುನೀರಿನ ಮೇಲೆ ತೇಲಿಕೊಂಡು ಇರುತ್ತದೆ. ನಮ್ಮ ಬಾವಿಯಲ್ಲಿದ್ದದ್ದು ಆ ನೀರು. ಮೇಲೆ ಮೇಲೆ ಮೊಗೆದರೆ ಮುಂದಿನ ಮಳೆಯವರೆಗೆ ಬರುತ್ತದೆ. ಆಸೆಬಿದ್ದು ತಳಕ್ಕೆ ಕೊಡ ಹಾಕಿದರೆ ಅಡಿಯ ಉಪ್ಪು ಎದ್ದು ಮೇಲಕ್ಕೆ ಬರುತ್ತದೆ. ಇದನ್ನು ಯಾರೂ ಪುಸ್ತಕದಲ್ಲಿ ಓದಿದ್ದಲ್ಲ. ಅತ್ತೆಗೆ ಅವರ ಅತ್ತೆ ಹೇಳಿದ್ದು.

ಅತ್ತೆಯನ್ನು ಕೇರಿಯವರೆಲ್ಲ ಆಯಿ ಎನ್ನುತ್ತಿದ್ದರು. ಬಾವಿ ಅವರ ಸ್ವಂತದ್ದೇನೂ ಅಲ್ಲ, ಹನ್ನೆರಡು ಮನೆಗಳಿಗೂ ಸೇರಿದ್ದು. ಆದರೂ ಅವರು ಹೇಳಿದ ಹಾಗೆ ನಡೆಯಬೇಕು. ಪ್ರತಿ ಯುಗಾದಿಯ ಮಾರನೆಯ ದಿನ ಅವರು ಬೆಳಿಗ್ಗೆ ಬಾಯಿಗೆ ಎಲೆ ಅಡಿಕೆ ಹಾಕುವ ಮೊದಲೇ ಬಾವಿಗೆ ಹೋಗಿ ಒಂದು ತಂಬಿಗೆ ನೀರು ಸೇದಿ ಬಾಯಿ ಮುಕ್ಕಳಿಸುತ್ತಿದ್ದರು. ಉಪ್ಪಿನ ರುಚಿ ಹುಡುಕುತ್ತ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಮೇಲೆ ಹಗ್ಗದ ಗಂಟನ್ನು ಎಷ್ಟು ಇಳಿಸಬೇಕೆಂದು ತಾವೇ ಕಟ್ಟಿಕೊಡುತ್ತಿದ್ದರು. ಬೇಸಿಗೆಯಲ್ಲಿ ಮನೆಗೆ ದಿನಕ್ಕೆ ನಾಲ್ಕು ಕೊಡ. ಬಟ್ಟೆಗೆ, ದನಕ್ಕೆ ಹಳ್ಳದ ನೀರು.

"ಆಯಿ, ನಮ್ಮನಿಗೆ ನೆಂಟ್ರು ಬಂದಾರೆ, ಒಂದು ಕೊಡ ಹೆಚ್ಚು ತೆಗಿತೆ" ಎಂದು ಯಾರಾದರೂ ಅಂದರೆ, "ನೆಂಟ್ರು ಕುಡ್ದು ಹೋತ್ರು, ನಿನ್ನ ಮಕ್ಳು ಎಂತಾ ಕುಡಿತ್ರು?" ಎನ್ನುತ್ತಿದ್ದರು. ಹೆಂಗಸರು ಹಿಂದಿನಿಂದ ನಗುತ್ತಿದ್ದರು. "ಮುದ್ಕಿ ಬಾವಿನೇ ಲಗ್ನ ಆಗ್ಯದೆ" ಎಂದು ಒಬ್ಬಾಕೆ ಅಂದದ್ದು ನನಗೆ ನೆನಪಿದೆ. ಅತ್ತೆಗೂ ಅದು ಕೇಳಿಸಿತ್ತು. "ಆಗ್ಯದೆ, ಹೌದು. ನಿನ್ನ ಗಂಡ್ನ ಹಾಂಗೆ ಕುಡ್ದು ಬಿದ್ಕಣುದಿಲ್ಲ ಇದು" ಎಂದು ತಿರುಗಿಸಿ ಕೊಟ್ಟರು.

ಬಾವಿ ಅತ್ತೆಯ ಕೈಯಲ್ಲಿದ್ದಂತೆ ಗಜನಿಯ ಬಾಗಿಲು ನಮ್ಮ ಮನೆಯ ಗಂಡಸರ ಕೈಯಲ್ಲಿತ್ತು. ಮಾವ ತೀರಿಕೊಂಡ ಮೇಲೆ ಅವರ ಇಬ್ಬರು ಗಂಡುಮಕ್ಕಳು, ಎಂದರೆ ಇವರು ಮತ್ತು ಇವರ ಅಣ್ಣ, ಅದನ್ನು ನೋಡಿಕೊಳ್ಳುತ್ತಿದ್ದರು. ಹುಣ್ಣಿಮೆ, ಅಮಾವಾಸ್ಯೆಯ ಮೂರು ನಾಲ್ಕು ದಿನ ಭರತ ಹೆಚ್ಚು. ಆಗ ಬರಿಯ ಬಾಗಿಲು ಸಾಲದು. ಅದರ ಹಿಂದೆ ಎರಡು ಸಾಲು ಹಲಗೆ ಇಳಿಸಿ ನಡುವೆ ಜೇಡಿಮಣ್ಣು ತುಳಿದು ತುಂಬಬೇಕು. ಹಲಗೆಗಳು ಹಳೆಯವು, ನೀರಿನಲ್ಲಿದ್ದು ಒಂದೊಂದು ಒಂದೊಂದು ರೀತಿ ಬಾಗಿದ್ದವು. ಮೂರನೆಯ ಹಲಗೆಯ ಉಬ್ಬು ನದಿಯ ಕಡೆಗೇ ಇರಬೇಕು. ಗದ್ದೆಯ ಕಡೆ ತಿರುಗಿಸಿ ಇಳಿಸಿದರೆ ಅಂಚಿನಲ್ಲಿ ಸಂದು ಉಳಿಯುತ್ತದೆ. ಇದೆಲ್ಲ ಅಣ್ಣ ತಮ್ಮ ಇಬ್ಬರ ಕೈಗೆ ಮಾತ್ರ ಗೊತ್ತಿತ್ತು. ಮೊದಲ ಮಳೆಗೆ ಆ ಬಾಗಿಲಿಗೆ ಕಾಯಿ ಒಡೆದು ಕುಂಕುಮ ಹಚ್ಚಿ ಕೆಲಸ ಶುರು ಮಾಡುವುದು ಪದ್ಧತಿ. ದೇವರಿಗೆ ಸೇರಿದ ವಸ್ತು. ಸೂತಕ ಇರುವವರು ಮುಟ್ಟುವಂತಿಲ್ಲ.

ಅತ್ತೆ ತೀರಿಕೊಂಡ ವರ್ಷ ಭಾವ ಮನೆಯಲ್ಲಿರಲಿಲ್ಲ. ಅಂಕೋಲೆಯ ಕಡೆಯ ಜನರೊಂದಿಗೆ ಸೇರಿ ಸರಕಾರದ ಕಾಯಿದೆ ಮುರಿದು ಉಪ್ಪು ಮಾಡಲು ಹೋಗಿ ಜೈಲು ಸೇರಿದ್ದರು. ನನ್ನ ತವರಿನ ಊರಿನವರೂ ಹಲವರು ಹೋಗಿದ್ದರು. ಅತ್ತೆಗೆ ಅದರ ಹೆಮ್ಮೆಯೂ ಇತ್ತು, ದಿಗಿಲೂ ಇತ್ತು. ಶ್ರಾವಣದಲ್ಲಿ ಮೈಗೆ ಬಾವು ಬಂದು ಹಾಸಿಗೆ ಹಿಡಿದರು. ಕದ್ವಾಡದ ಪಂಡಿತರ ಕಷಾಯ ಕುಡಿದರೂ ಬಾವು ಇಳಿಯಲಿಲ್ಲ. ತಮಗೆ ಇನ್ನು ಹೆಚ್ಚು ದಿನವಿಲ್ಲ ಎಂದು ಅವರಿಗೇ ತಿಳಿಯಿತು. ಒಂದು ಮಧ್ಯಾಹ್ನ ಇವರನ್ನು ಹತ್ತಿರ ಕೂಡಿಸಿಕೊಂಡು ಹೇಳಿದರು.

"ದೊಡ್ಡವ ಜೈಲಲ್ಲಿ ಕೂತಾನೆ. ಅವ ಬರುದಿಲ್ಲ. ನೀನಾದ್ರೂ ಸೂತಕದ ಹತ್ತೂ ದಿನ ಸಮಾ ಕುಳ್ಳಬೇಕು. ನಡುವೆ ಎದ್ದು ಅದು ಮುಟ್ಟಿದೆ, ಇದು ಮುಟ್ಟಿದೆ ಅಂತ ಆಗುಕಾಗ. ನಂಗೆ ದಾರಿ ಸಿಗುದಿಲ್ಲ ಆಮೇಲೆ."

"ಆಯ್ತು ಆಯಿ, ಕೂತ್ಕಣ್ತೆ" ಎಂದರು ಇವರು.

ಅತ್ತೆ ನನ್ನ ಕಡೆ ತಿರುಗಿದರು. "ನೀ ನೋಡ್ಕ. ಇವ ಕೆಲ್ಸ ಕಂಡ್ರೆ ಸುಮ್ನೆ ಇರು ಪೈಕಿ ಅಲ್ಲ."

ನಾನು ತಲೆಯಾಡಿಸಿದೆ. ಅದಾದ ಮೇಲೆ ಅವರು ನಾಲ್ಕು ದಿನ ಇದ್ದರು.

ಅವರು ಹೋದದ್ದು ಪಿತೃಪಕ್ಷದಲ್ಲಿ. ಮಹಾಲಯ ಅಮಾವಾಸ್ಯೆ ಬಂದದ್ದು ಸೂತಕದ ಏಳನೆಯ ದಿನ. ವರ್ಷದ ದೊಡ್ಡ ಭರತಗಳಲ್ಲಿ ಅದೂ ಒಂದು. ಆ ಸಲ ಮಳೆ ಬೇಗ ಹಿಂದೆಗೆದಿತ್ತು, ನದಿಯಲ್ಲಿ ಮೇಲಿನಿಂದ ಬರುವ ನೀರಿನ ಒತ್ತಡವಿರಲಿಲ್ಲ. ಗಜನಿಯಲ್ಲಿ ಕಗ್ಗದ ಭತ್ತ ತೆನೆ ಬಿಟ್ಟು ಹಾಲು ತುಂಬುವ ಹೊತ್ತು. ಬಾಗಿಲ ಕೆಲಸವನ್ನು ಕೇರಿಯ ಯಜಮಾನರು ಹತ್ತು ದಿನದ ಮಟ್ಟಿಗೆ ನೆರೆಮನೆಯವನಿಗೆ ವಹಿಸಿದ್ದರು. ಒಳ್ಳೆಯ ಮನುಷ್ಯ, ಮೈಬಗ್ಗಿಸಿ ದುಡಿಯುವವನು. ಅಮಾವಾಸ್ಯೆಯ ಹಿಂದಿನ ಸಂಜೆ ನಮ್ಮ ಅಂಗಳದ ಆಚೆ ನಿಂತು ಇವರಿಂದ ಎಲ್ಲ ಕೇಳಿಕೊಂಡು ಹೋದ.

"ಮೂರನೇದು ಉಬ್ಬು ಹೊಳೆ ಬದಿಗೆ, ತಿಳೀತಾ?"

"ತಿಳೀತು ದಾದಾ. ನೀ ಎಂತಕ್ಕೆ ಹೆದ್ರತೆ? ಹಲ್ಗೆ ಇಳಿಸುದು, ಮಣ್ಣು ತುಳಿಯುದು. ಅದ್ಕೆ ಎಂತ ಪರೀಕ್ಷೆ ಉಂಟಾ?"

"ಒಂದ್ಸಲ ಬಾಯಲ್ಲಿ ಹೇಳು ನೋಡ್ವಾ."

"ಮೂರನೇದು ಉಬ್ಬು ಹೊಳೆ ಬದಿಗೆ" ಎಂದು ಆತ ಶಾಲೆಯ ಪಾಠದ ಹಾಗೆ ಒಪ್ಪಿಸಿ ನಗುತ್ತ ಹೋದ.

ಮರುದಿನ ಮಧ್ಯಾಹ್ನ ಕೇರಿಯ ಎಲ್ಲ ಮನೆಗಳಲ್ಲೂ ಹಿರಿಯರಿಗೆ ಎಡೆ. ಪ್ರತಿ ಅಂಗಳದಿಂದಲೂ ಕಾಗೆಯನ್ನು ಕರೆಯುವ ಸದ್ದು. ಸೂತಕದ ನಮ್ಮ ಮನೆಯಲ್ಲಿ ಎಡೆ ಇಲ್ಲ. ಇವರು ಜಗಲಿಯ ಕೆಳಗೆ ನಿಂತು ಒಡ್ಡಿನ ಕಡೆ ನೋಡುತ್ತಿದ್ದರು. ನಮ್ಮ ಅಂಗಳದಿಂದ ಬಾಗಿಲು ಕಾಣುತ್ತದೆ, ಒಂದು ಮೂವತ್ತು ಮಾರು ದೂರ. ನಾನು ಒಲೆಗೆ ಕಟ್ಟಿಗೆ ತೆಗೆದುಕೊಳ್ಳಲು ಹೊರಗೆ ಬಂದಿದ್ದೆ.

"ಒಳಗಿಂದ ನೀರು ತಿರ್ಗತಾ ಅದೆ" ಎಂದರು.

ನನಗೂ ಕಂಡಿತು. ಬಾಗಿಲ ಒಳಬದಿಯ ನಿಂತ ನೀರಿನಲ್ಲಿ ತಟ್ಟೆಯಷ್ಟು ಅಗಲದ ಕೆಂಪು ಸುಳಿ.

"ಮೂರನೇದು ತಿರುವು ಹಾಕಿದ ಅವ. ಮಣ್ಣು ತೊಳ್ಕಂಡು ಬರ್ತಾ ಅದೆ." ಪಂಚೆ ಎತ್ತಿ ಕಟ್ಟಿ ಎರಡು ಹೆಜ್ಜೆ ಇಟ್ಟರು.

ನಾನು ಕಟ್ಟಿಗೆ ಬಿಸುಟು ಓಡಿ ಹೋಗಿ ಅವರ ಕೈ ಹಿಡಿದೆ.

"ಹೋಗ್ಬೇಡಿ. ಆಯಿಗೆ ಮಾತು ಕೊಟ್ಟೀರಿ. ಇನ್ನು ಮೂರೇ ದಿನ."

"ಬಾಗ್ಲು ಹೋದ್ರೆ?"

"ಅವ್ನ ಕರೀರಿ. ಅವ ಬಂದು ನೋಡ್ತ. ನೀವು ಮುಟ್ಟುದು ಬೇಡ."

ಅವರು ನನ್ನ ಕೈಯನ್ನು ನೋಡಿದರು. ಅದನ್ನು ಬಿಡಿಸಿಕೊಳ್ಳಲಿಲ್ಲ. ಅಲ್ಲೇ ನಿಂತು ಕೂಗಿದರು. ನೆರೆಮನೆಯವನು ಎಡೆಯ ಎಲೆಯ ಮುಂದೆ ಕೂತಿದ್ದ. ಆ ದಿನದ ಎಲೆ ಬಿಟ್ಟು ನಡುವೆ ಏಳುವಂತಿಲ್ಲ. ಅವನ ಹೆಂಡತಿ ಬಾಗಿಲಿಗೆ ಬಂದು, "ಉಣ್ತಾ ಅವ್ರೆ, ಬರ್ತ್ರು" ಎಂದಳು. ಇವರು ಮತ್ತೆ ಕೂಗಿದರು. ಬೇರೆ ಮನೆಗಳಿಗೂ ಕೂಗಿದರು. ಎಲ್ಲರೂ ಎಲೆಯ ಮುಂದೆ ಇದ್ದರು. ನನ್ನ ಕೈ ಇನ್ನೂ ಅವರ ಮಣಿಕಟ್ಟಿನ ಮೇಲೆಯೇ ಇತ್ತು. ಅವರ ನಾಡಿ ನನ್ನ ಬೆರಳಿಗೆ ತಾಗುತ್ತಿತ್ತು.

ನೆರೆಮನೆಯವನು ಕೈ ತೊಳೆದು ಓಡಿ ಬರುವ ಹೊತ್ತಿಗೆ ಸುಳಿ ಗಾಡಿಯ ಚಕ್ರದಷ್ಟಾಗಿತ್ತು. ಅವನು ಒಡ್ಡಿನ ಮೇಲೆ ಕಾಲಿಟ್ಟದ್ದು ಕಂಡಿತು. ಅಷ್ಟರಲ್ಲಿ ಬಾಗಿಲ ಪಕ್ಕದ ಮಣ್ಣು ಕುಸಿಯಿತು. ಅವನು ಹಿಂದಕ್ಕೆ ಹಾರಿ ಉಳಿದುಕೊಂಡ. ಬಾಗಿಲು ಚೌಕಟ್ಟಿನ ಸಮೇತ ಒಳಗೆ ಮಗುಚಿತು. ಆಮೇಲೆ ಬಂದದ್ದು ನದಿ.

ಸದ್ದು ಅಷ್ಟೇನೂ ದೊಡ್ಡದಲ್ಲ. ಅಕ್ಕಿ ಸುರಿದ ಹಾಗೆ, ನಿಲ್ಲದೆ. ತೆನೆಗಳು ಒಂದು ಬದಿಗೆ ಬಾಗಿದವು. ನೀರು ದಿಬ್ಬದವರೆಗೆ ಬಂದು, ಬಾವಿಯ ಗಿಡ್ಡ ಕಟ್ಟೆಯನ್ನು ಸುತ್ತಿ, ಅದನ್ನೂ ದಾಟಿತು. ಎಂಜಲು ಕೈಯಲ್ಲೇ ಎಲ್ಲರೂ ಹೊರಗೆ ಬಂದು ನಿಂತಿದ್ದರು.

ಹನ್ನೊಂದನೆಯ ದಿನ ಸೂತಕ ಕಳೆದು ಇವರು ನೇರವಾಗಿ ಒಡ್ಡಿಗೆ ಹೋದರು. ಕುತ್ತಿಗೆಯವರೆಗಿನ ನೀರಿನಲ್ಲಿ ನಿಂತು ಗೂಟ ಹೊಡೆದರು, ತೆಂಗಿನ ಕಾಂಡ ಅಡ್ಡ ಹಾಕಿದರು, ಕಲ್ಲು ತುಂಬಿದರು. ಒಂದು ಭರತಕ್ಕೆ ಕಟ್ಟಿದ್ದು ಮತ್ತೊಂದು ಭರತಕ್ಕೆ ಹೋಗುತ್ತಿತ್ತು. ಮುಂದಿನ ಹುಣ್ಣಿಮೆ ದಾಟಿದ ಮೇಲೆಯೇ ಒಡ್ಡು ನಿಂತದ್ದು. ಕಗ್ಗ ಸ್ವಲ್ಪ ಉಪ್ಪನ್ನು ತಡೆಯುವ ಭತ್ತ. ಆದರೆ ಹಾಲು ತುಂಬುವ ಹೊತ್ತಿನಲ್ಲಿ ದಿನಕ್ಕೆರಡು ಸಲ ಮುಳುಗಿದರೆ ಅದೂ ತಡೆಯುವುದಿಲ್ಲ. ತೆನೆ ಬೆಳ್ಳಗಾಗಿ ಜೊಳ್ಳು ನಿಂತಿತು. ದನಗಳೂ ಆ ಹುಲ್ಲನ್ನು ಮೂಸಿ ಬಿಟ್ಟವು.

ಇವರು ಒಡ್ಡಿನಲ್ಲಿದ್ದಾಗ ಯಜಮಾನರು ಬಾವಿಯನ್ನು ಬರಿದು ಮಾಡಬೇಕೆಂದು ತೀರ್ಮಾನಿಸಿದರು. ಬಾವಿಗೆ ಕೊಳೆ ಬಿದ್ದರೆ ಹಾಗೆಯೇ ಮಾಡುವುದು. ನೀರೆಲ್ಲ ಎತ್ತಿ ಹೊರಗೆ ಹಾಕಿದರೆ ಹೊಸ ನೀರು ಬರುತ್ತದೆ. ನನಗೆ ಅತ್ತೆಯ ಗಂಟು ನೆನಪಾಯಿತು. ಗಂಡಸರ ಮುಂದೆ ಹೇಳಲು ಧೈರ್ಯ ಸಾಲದೆ, ನೆರೆಮನೆಯಾಕೆಯ ಹತ್ತಿರ ಹೇಳಿದೆ. ಪೂರ್ತಿ ಎತ್ತುವುದು ಬೇಡ, ಮೇಲಿನದು ಸ್ವಲ್ಪ ತೆಗೆದು ಬಿಡಲಿ, ಮಳೆಗೆ ಕಾಯಲಿ, ಇಲ್ಲದಿದ್ದರೆ ಅಡಿಯ ಉಪ್ಪು ಮೇಲೆ ಬರುತ್ತದೆ ಎಂದು.

ಆಕೆ ಅದನ್ನು ಎಲ್ಲರಿಗೂ ಕೇಳುವಂತೆ ಹೇಳಿದಳು. "ಕೇಳ್ರಾ, ಆಯಿ ಸೊಸೆ ಹೇಳ್ತದೆ, ನೀರು ತೆಗಿಬಾರ್ದಂತೆ!"

"ಅಂಕೋಲೆ ಶಾಲೆಲಿ ನಾಲ್ಕನೇ ಇಯತ್ತೆಗೆ ಬಾವಿ ವಿದ್ಯೆನೂ ಕಲಿಸ್ತ್ರು ಕಾಣ್ತದೆ" ಎಂದ ಒಬ್ಬ.

ಇನ್ನೊಬ್ಬ ಅಂದ, "ಬಾಗ್ಲು ಕಾದದ್ದು ಆಯ್ತು. ಇನ್ನು ಬಾವಿ ಕಾಯ್ತ್ರಂತೆ."

ನಾನು ಒಳಗೆ ಬಂದುಬಿಟ್ಟೆ. ಎರಡು ದಿನ ಸಾಲಾಗಿ ನಿಂತು ಕೊಡದಿಂದ ಎತ್ತಿದರು. ಹಗ್ಗ ಸಾಲದೆಂದು ಗಂಟು ಬಿಚ್ಚಿದರು. ಮೊದಲ ದಿನ ಬಂದದ್ದು ಸವಳು. ಎರಡನೆಯ ದಿನ ಬಂದದ್ದು ಸಮುದ್ರ. ಆಮೇಲೆ ಈವರೆಗೆ ನಾಲ್ಕು ಮಳೆಗಾಲ ಹೋದವು, ಆ ಬಾವಿ ಸಿಹಿಯಾಗಲಿಲ್ಲ. ಬೇಳೆ ಬೇಯುತ್ತಿರಲಿಲ್ಲ. ಕುದಿಸಿದ ಪಾತ್ರೆಯ ಅಂಚಿನಲ್ಲಿ ಬಿಳಿಯ ಗೆರೆ ಉಳಿಯುತ್ತಿತ್ತು. ಮೂರು ಮನೆಯವರು ಕಾರವಾರದ ಕಡೆ ಕೂಲಿ ಹುಡುಕಿಕೊಂಡು ಹೋದರು, ಮರಳಿ ಬರಲಿಲ್ಲ. ಹೋಗುವ ದಿನ ಅವರಲ್ಲಿ ಒಬ್ಬಾಕೆ ಖಾಲಿ ಕೊಡವನ್ನು ನಮ್ಮ ಅಂಗಳದ ಎದುರಿಗೆ ಬೋರಲು ಹಾಕಿ ಹೋದಳು.

ಜನರ ಮಾತು ಏನಾಯಿತೆಂದರೆ, ಬಾಗಿಲು ಕುಸಿಯುವುದನ್ನು ಇವರು ನೋಡುತ್ತ ನಿಂತಿದ್ದರು ಎಂಬುದು. ನೆರೆಮನೆಯವನ ಹಲಗೆ ತಿರುವಾದದ್ದನ್ನು ಯಾರೂ ಹೆಚ್ಚು ಆಡಲಿಲ್ಲ. ಅವನಿಗೆ ಗೊತ್ತಿರಲಿಲ್ಲ, ಪಾಪ. ಇವರಿಗೆ ಗೊತ್ತಿತ್ತಲ್ಲ. "ಕಂಡೂ ನಿಂತ. ಸೂತಕ ಅಂತೆ ಸೂತಕ! ಮುಟ್ಟಿದ್ರೆ ಒಂದು ಕಾಯಿ ಒಡ್ದು ತಪ್ಪು ಹೇಳ್ಕಂಡ್ರೆ ಆತಿತ್ತು" ಎಂದು ಯಜಮಾನರೇ ಅಂದರು. ಮುಟ್ಟಿದ್ದರೆ ಅವರೇ ಮೊದಲು ಏನನ್ನುತ್ತಿದ್ದರು ಎಂಬುದು ನನಗೆ ಗೊತ್ತು. ಆದರೆ ಅದು ಈಗ ಯಾವ ಉಪಯೋಗಕ್ಕೂ ಬರದ ಮಾತು. ಹೊಸ ಬಾಗಿಲನ್ನು ಬೇರೆ ಮನೆಗೆ ಒಪ್ಪಿಸಿದರು. ಇವರನ್ನು "ಅಂಗಳದಲ್ಲಿ ನಿಂತವ" ಎಂದು ಕರೆಯುವುದು ರೂಢಿಯಾಯಿತು. ಎದುರಿಗೇ ಕರೆಯುತ್ತಿದ್ದರು.

ಇವರು ಒಂದು ದಿನವೂ ನನ್ನ ಕೈಯ ವಿಷಯ ಯಾರಿಗೂ ಹೇಳಲಿಲ್ಲ. ಜೈಲಿನಿಂದ ಬಂದ ಅಣ್ಣ ಕೇಳಿದಾಗಲೂ "ನಂಗೆ ಆಗ ತೋಚಲಿಲ್ಲ" ಎಂದಷ್ಟೇ ಅಂದರು. ನಾನು ಒಮ್ಮೆ, ಅಕ್ಕಿ ಆರಿಸುತ್ತ ಕೂತಿದ್ದಾಗ, ಅವರಿಗೆ ಹೇಳಿದೆ. ನಾನು ಹಿಡಿಯದಿದ್ದರೆ ನೀವು ಹೋಗುತ್ತಿದ್ದಿರಿ, ಅದನ್ನು ಜನರಿಗೆ ಹೇಳಿಬಿಡಿ ಎಂದೆ.

"ನೀ ಹಿಡದದ್ದು ಕೈ" ಎಂದರು. "ಕಾಲು ನಂದೇ ಇತ್ತಲ್ಲ."

ಮತ್ತೆ ಆ ಮಾತು ಬರಲಿಲ್ಲ. ಅವರು ಅದನ್ನು ನನ್ನನ್ನು ಸಮಾಧಾನ ಮಾಡಲು ಹೇಳಿದರೋ, ನಿಜವಾಗಿ ಹಾಗೆಯೇ ತಿಳಿದಿದ್ದರೋ, ನನಗೆ ಈವರೆಗೂ ಗೊತ್ತಾಗಿಲ್ಲ. ನಾನು ಅಂದೇ ಬಾವಿಕಟ್ಟೆಗೆ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಅವರು ಸುಮ್ಮನಿದ್ದಾರೆ ಎಂಬುದನ್ನೇ ನೆಪ ಮಾಡಿಕೊಂಡು ನಾನೂ ಸುಮ್ಮನಿದ್ದೆ. ಬೇರೆ ಏನು ಹೇಳಿದರೂ ಸುಳ್ಳಾಗುತ್ತದೆ.

ಅವರು ಮಾಡಿದ್ದು ಒಂದೇ. ಮಾವನ ಹಳೆಯ ದೋಣಿಯನ್ನು ಸರಿಮಾಡಿಸಿ, ಎರಡು ಪೀಪಾಯಿ ಇಟ್ಟುಕೊಂಡು, ಕೇರಿಗೆ ನೀರು ತರಲು ಶುರು ಮಾಡಿದರು. ನದಿಯ ಮೇಲುಭಾಗದಲ್ಲಿ ಗುಡ್ಡದ ಬುಡಕ್ಕೆ ಒಂದು ಝರಿ ಇದೆ. ಭರತ ಏರುವಾಗ ಅದರ ಜೊತೆಗೆ ಮೇಲಕ್ಕೆ ಹೋಗುವುದು, ಪೀಪಾಯಿ ತುಂಬಿಸುವುದು, ಇಳಿತದ ಜೊತೆಗೆ ಮರಳುವುದು. ಬೇಸಿಗೆಯಲ್ಲಿ ಒಂದು ದಿನವೂ ತಪ್ಪಿಸಲಿಲ್ಲ. ಹೆಂಗಸರು ದಂಡೆಗೆ ಬಂದು ಕೊಡ ತುಂಬಿಸಿಕೊಳ್ಳುತ್ತಿದ್ದರು. "ಇವತ್ತು ನೀರಲ್ಲಿ ಎಲೆ ಬಿದ್ದದೆ", "ನಿನ್ನೆ ಎಂತಕ್ಕೆ ತಡಾ ಆಯ್ತು" ಎಂದು ಕೇಳುತ್ತಿದ್ದರು. ಇವರು ಎಲೆಯನ್ನು ತೆಗೆದು ಹಾಕುತ್ತಿದ್ದರು. ನೆರೆಮನೆಯವನು ಮಾತ್ರ ತನ್ನ ಕೊಡ ತರುವಾಗ ಇವರ ಮುಖ ನೋಡುತ್ತಿರಲಿಲ್ಲ. ಕೊನೆಗೆ ಅವನೇ ಬರುವುದು ಬಿಟ್ಟು ಮಗಳನ್ನು ಕಳಿಸತೊಡಗಿದ.

ಈ ವರ್ಷ ಮಳೆ ಹಿಡಿಯುವ ಮೊದಲು ಇವರಿಗೆ ಚಳಿಜ್ವರ ಬಂತು. ಜ್ವರ ಬಿಟ್ಟ ದಿನ ದೋಣಿಗೆ ಹೋಗುವುದು, ಬಂದ ದಿನ ಮಲಗುವುದು. ಬೇಡವೆಂದರೆ ಕೇಳಲಿಲ್ಲ. ನಾನು ಈ ಸಲ ಕೈ ಹಿಡಿಯಲಿಲ್ಲ. ಹಿಡಿಯಬೇಕಿತ್ತು. ಒಂಬತ್ತನೆಯ ದಿನ ಮಧ್ಯಾಹ್ನ, ಕಾರವಾರದ ಡಾಕ್ಟರನ್ನು ಕರೆತರಲು ಹೋದ ಭಾವ ಮರಳುವ ಮೊದಲೇ, ಹೋಗಿಬಿಟ್ಟರು.

ಮೂರನೆಯ ದಿನ ಕೇರಿಯ ಹೆಂಗಸರು ಮಾತಾಡಿಸಲು ಬಂದು ಅಂಗಳದಲ್ಲಿ ಕೂತರು. ಯಜಮಾನರ ಹೆಂಡತಿ, ಬಹಳ ವಯಸ್ಸಾದಾಕೆ, ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದರು.

"ಏನೇ ಆಗ್ಲಿ ತಂಗಿ, ಮಾಡಿದ ತಪ್ಪಿಗೆ ಅವ ಇಷ್ಟು ವರ್ಷ ನೀರು ಹೊತ್ತ. ದೇವ್ರು ಅದನ್ನ ಬರ್ಕಂಡಿರ್ತ. ಅವತ್ತು ಒಂದು ಗಳ್ಗೆ ಅಂಗಳದಲ್ಲಿ ನಿಲ್ಲದೆ ಇದ್ದಿದ್ರೆ..."

"ಅವ್ರು ನಿಂತದ್ದಲ್ಲ" ಎಂದೆ. "ನಾನು ಹಿಡ್ಕಂಡದ್ದು. ಅವ್ರು ಹೊರಟಿದ್ರು. ನಾನು ಕೈ ಹಿಡ್ದು ನಿಲ್ಸಿದೆ. ಬಾವಿ ಹೋದದ್ದು ನನ್ನಿಂದ."

ನೆರೆಮನೆಯಾಕೆ ನನ್ನ ಕಡೆ ನೋಡಿ ಬೇಗನೆ ಕಣ್ಣು ತಗ್ಗಿಸಿದಳು. ಯಜಮಾನರ ಹೆಂಡತಿ ನನ್ನ ಬೆನ್ನಿನ ಮೇಲೆ ಕೈಯಿಟ್ಟರು.

"ಹೌದು ಮಗಾ, ಹೌದು. ಹೆಂಡ್ತಿ ಅಂದ್ರೆ ಹಾಂಗೇ. ಗಂಡ್ನ ತಪ್ಪು ತನ್ನ ಮೈಮೇಲೆ ಎಳ್ಕಣ್ತದೆ." ಆಮೇಲೆ ಉಳಿದವರ ಕಡೆ ತಿರುಗಿ, "ನಿದ್ದೆ ಇಲ್ಲ ಅದ್ಕೆ, ಊಟ ಇಲ್ಲ. ಒಂದು ಗಂಜಿ ಮಾಡಿ ಕುಡಿಸ್ರೇ" ಎಂದರು.

"ನಾನು ಹೇಳುದು ನಿಜ" ಎಂದೆ.

"ಗೊತ್ತದೆ, ಗೊತ್ತದೆ. ಈಗ ಮಲ್ಕ."

ಅಷ್ಟರಲ್ಲಿ ಯಾರೋ ಝರಿಯ ಮಾತು ತೆಗೆದರು. ದೋಣಿ ನಡೆಸುವವರಿಲ್ಲದೆ ಮೂರು ದಿನದಿಂದ ಮನೆಗಳಲ್ಲಿ ಕುಡಿಯುವ ನೀರಿಗೆ ತೊಂದರೆ. ಗುಡ್ಡದ ಬುಡದವರೆಗೆ ನಡೆದು ಹೋಗಬೇಕು, ಬಿಸಿಲು ಏರಿದರೆ ಆಗುವುದಿಲ್ಲ. ಒಬ್ಬೊಬ್ಬರಾಗಿ ಎದ್ದರು. ಎದ್ದವರು ನನ್ನ ಮುಂದೆ ಒಂದು ಕ್ಷಣ ನಿಂತು, ಬೇಲಿ ದಾಟಿ ಕೊಡಗಳನ್ನು ತೆಗೆದುಕೊಳ್ಳಲು ತಮ್ಮ ತಮ್ಮ ಮನೆಗೆ ಹೋದರು.

ನಾನು ಮತ್ತೊಮ್ಮೆ ಹೇಳಿದೆ. ಆಗ ಅಂಗಳದಲ್ಲಿ ಯಾರೂ ಇರಲಿಲ್ಲ.